ಸ್ಪ್ಯಾನಿಷ್ ಭೂತಕಾಲಕ್ಕೆ ಕನ್ನಡದ ಬಾಗಿಲು

ಪರಭಾಷೆಯನ್ನು ಕಲಿಯಹೊರಟ ವಿದ್ಯಾರ್ಥಿಯ ಧೈರ್ಯವನ್ನು ಪರೀಕ್ಷಿಸುವುದು ಅದರ ಕ್ರಿಯಾಪದ. ಸ್ಪೇನಿನಲ್ಲಿಯೂ ಮೆಕ್ಸಿಕೋದಿಂದ ಅರ್ಜೆಂಟೀನದವರೆಗಿನ ಅನೇಕ ದೇಶಗಳಲ್ಲಿಯೂ ಬಳಕೆಯಲ್ಲಿರುವ ಸ್ಪ್ಯಾನಿಷ್ ಭಾಷೆಯನ್ನು ಇಂದು ಕನ್ನಡದ ತರುಣರೂ ಕಲಿಯುತ್ತಿದ್ದಾರೆ. ಅವರಿಗೆ ದೊರೆಯುವ ಪಠ್ಯಗಳು ಬಹುಮಟ್ಟಿಗೆ ಇಂಗ್ಲಿಷಿನ ಮೂಲಕ ಬೋಧಿಸುವಂಥವು. ಆ ದಾರಿಯಲ್ಲಿ ನಡೆದವರು ಭೂತಕಾಲದ ರೂಪಾವಳಿಯನ್ನು ಕಂಡು ಬೆದರುವುದುಂಟು. ಈ ಬೆದರಿಕೆಗೆ ಕಾರಣ ಸ್ಪ್ಯಾನಿಷ್ ಅಲ್ಲ, ನಡುವೆ ನಿಂತ ಇಂಗ್ಲಿಷ್.

'ಕಂತಾರ್' ಎಂದರೆ ಹಾಡುವುದು. ಕೊನೆಯ 'ಆರ್' ಕಳೆದು ಉಳಿದ 'ಕಂತ್' ಎಂಬುದಕ್ಕೆ ಪ್ರತ್ಯಯಗಳು ಹತ್ತುತ್ತವೆ. ಒತ್ತಿ ನುಡಿಯುವ ಸ್ವರವನ್ನು ಇಲ್ಲಿ ದೀರ್ಘವಾಗಿ ಬರೆದಿದೆ. ಕಂತೇ, ಹಾಡಿದೆನು, ಕಂತಾಸ್ತೆ, ಹಾಡಿದೆ, ಕಂತೋ, ಹಾಡಿದನು, ಕಂತಾಮೊಸ್, ಹಾಡಿದೆವು, ಕಂತಾಸ್ತೆಯ್ಸ್, ಹಾಡಿದಿರಿ, ಕಂತಾರೊನ್, ಹಾಡಿದರು. ಇಂಗ್ಲಿಷಿನಲ್ಲಿ ಈ ಆರಕ್ಕೂ ಒಂದೇ ರೂಪ. ಕರ್ತೃಪದವನ್ನು ಹೇಳದಿದ್ದರೆ ಹಾಡಿದವರಾರೆಂದು ತಿಳಿಯದು. ಕನ್ನಡದಲ್ಲಿಯೂ ಸ್ಪ್ಯಾನಿಷಿನಲ್ಲಿಯೂ ಪ್ರತ್ಯಯವೇ ಕರ್ತೃವನ್ನು ಸಾರುತ್ತದೆ. ತೊಟ್ಟಿಲಲ್ಲಿಯೇ ಈ ಪುರುಷಭೇದವನ್ನು ಕೇಳಿ ಬೆಳೆದ ಮಗುವಿಗೆ ಇದು ಹೊಸತಾಗುವುದೆಂತು?

ಕ್ರಿಯಾಪದಗಳಲ್ಲಿ ಮೂರು ವರ್ಗಗಳುಂಟು: 'ಆರ್', 'ಏರ್', 'ಈರ್' ಎಂದು ಮುಗಿಯುವಂಥವು. ಭೂತಕಾಲದಲ್ಲಿ ಕೊನೆಯ ಎರಡು ವರ್ಗಗಳು ಒಂದೇ ಪ್ರತ್ಯಯಮಾಲೆಯನ್ನು ಧರಿಸುತ್ತವೆ. 'ಕೊಮೇರ್', ಅಂದರೆ ತಿನ್ನುವುದು, ಕೊಮೀ, ಕೊಮೀಸ್ತೆ, ಕೊಮ್ಯೋ, ಕೊಮೀಮೊಸ್, ಕೊಮೀಸ್ತೆಯ್ಸ್, ಕೊಮ್ಯೇರೊನ್ ಎಂದಾಗುತ್ತದೆ. ಬದುಕುವುದೆಂಬ ಅರ್ಥದ 'ಬಿಬೀರ್' ಸಹ ಹಾಗೆಯೇ. ಹೀಗೆ ಎರಡು ಮಾಲೆಗಳನ್ನು ಕಂಠಸ್ಥ ಮಾಡಿದವನಿಗೆ ಸಾವಿರಾರು ನಿಯತ ಕ್ರಿಯಾಪದಗಳು ವಶವಾಗುತ್ತವೆ. ಭಾಷೆಗೆ ಹೊಸದಾಗಿ ಬರುವ ಕ್ರಿಯಾಪದಗಳು ಸಾಮಾನ್ಯವಾಗಿ 'ಆರ್' ವರ್ಗವನ್ನೇ ಸೇರುತ್ತವೆ, ಕನ್ನಡಕ್ಕೆ ಬಂದ ಸಂಸ್ಕೃತ ಶಬ್ದಗಳು 'ಇಸು' ಹಚ್ಚಿಕೊಂಡು ಪ್ರೀತಿಸು, ಚಿಂತಿಸು ಎಂದಾಗುವಂತೆ.

ಇಂಗ್ಲಿಷಿನ ಮೂಲಕ ಕಲಿತವರನ್ನು ಬಹುವಾಗಿ ಕಾಡುವುದು ಮತ್ತೊಂದು ಭೂತಕಾಲ. 'ಕಂತೋ' ಎಂದರೆ ಕ್ರಿಯೆ ಮುಗಿಯಿತು. 'ಕಂತಾಬ' ಎಂದರೆ ನಡೆಯುತ್ತಲಿತ್ತು, ಅಥವಾ ರೂಢಿಯಾಗಿತ್ತು. ಇಂಗ್ಲಿಷಿನ ಸಾಮಾನ್ಯ ಭೂತಕಾಲ ಎರಡಕ್ಕೂ ಸಲ್ಲುವುದರಿಂದ ಅಲ್ಲಿ ಪುಟಗಟ್ಟಲೆ ವಿವರಣೆ ಬೇಕಾಗುತ್ತದೆ. ಕನ್ನಡಿಗನಿಗೆ ಎರಡು ವಾಕ್ಯ ಸಾಕು: ಅಜ್ಜಿ ನಿನ್ನೆ ಹಾಡಿದಳು, ಅಜ್ಜಿ ಪ್ರತಿ ಸಂಜೆ ಹಾಡುತ್ತಿದ್ದಳು. ಮೊದಲನೆಯದು 'ಕಂತೋ', ಎರಡನೆಯದು 'ಕಂತಾಬ'.

ಸಾಮ್ಯವನ್ನು ಕಂಡು ಬಾಂಧವ್ಯವನ್ನು ಕಲ್ಪಿಸಲಾಗದು. ಸ್ಪ್ಯಾನಿಷ್ ಲ್ಯಾಟಿನ್ನಿನ ಸಂತತಿ, ಕನ್ನಡ ದ್ರಾವಿಡ ಭಾಷೆ. ಕನ್ನಡದಲ್ಲಿ ಧಾತುವಿಗೂ ಆಖ್ಯಾತ ಪ್ರತ್ಯಯಕ್ಕೂ ನಡುವೆ ಕಾಲಸೂಚಕ ದಕಾರ ಬೇರೆಯಾಗಿ ನಿಲ್ಲುತ್ತದೆ. 'ಕಂತೋ' ಎಂಬಲ್ಲಿ ಕಾಲ, ಪುರುಷ, ವಚನಗಳು ಒಂದೇ ಸ್ವರದಲ್ಲಿ ಬೆರೆತಿವೆ. ಹಾಡಿದನು, ಹಾಡಿದಳು ಎಂಬ ಲಿಂಗಭೇದ ಅಲ್ಲಿಲ್ಲ. 'ಕಂತಾಮೊಸ್' ಎಂಬುದು ಹಾಡುತ್ತೇವೆ ಎಂದೂ ಆಗುವುದರಿಂದ ಸಂದರ್ಭವೇ ಅರ್ಥವನ್ನು ನಿರ್ಣಯಿಸಬೇಕು. ಎಲ್ಲಕ್ಕಿಂತ ಎಚ್ಚರ ಬೇಕಾದುದು ಸ್ವರಾಘಾತದಲ್ಲಿ. ಮೊದಲ ಸ್ವರವನ್ನೊತ್ತಿ 'ಕಾಂತೊ' ಎಂದರೆ ಹಾಡುತ್ತೇನೆ. ಕೊನೆಯದನ್ನೊತ್ತಿ 'ಕಂತೋ' ಎಂದರೆ ಹಾಡಿದನು. ಬರೆಹದಲ್ಲಿ ಇವೆರಡರ ಅಂತರ ಒಂದು ಗೀಟು ಮಾತ್ರ. ಆ ಗೀಟನ್ನು ಮರೆತರೆ ಒಬ್ಬನ ನಿನ್ನೆಯ ಕೆಲಸ ಮತ್ತೊಬ್ಬನ ಇಂದಿನ ಕೆಲಸವಾಗುತ್ತದೆ.

ಇಂಗ್ಲಿಷಿನಲ್ಲಿಯೂ ಲ್ಯಾಟಿನ್ ಮೂಲದ ಶಬ್ದಗಳು ಹೇರಳವಾಗಿರುವುದರಿಂದ ಆ ದಾರಿಯೇ ಸುಲಭವೆಂದು ವಾದಿಸುವವರುಂಟು. ಶಬ್ದಸಂಪತ್ತಿನ ಮಟ್ಟಿಗೆ ಈ ಮಾತು ನಿಜ. ಆದರೆ ಶಬ್ದ ಇಟ್ಟಿಗೆ, ಕ್ರಿಯಾಪದ ತೊಲೆ. ಇಟ್ಟಿಗೆಯನ್ನು ಎಲ್ಲಿಂದಲಾದರೂ ತರಬಹುದು, ತೊಲೆಯನ್ನು ಏರಿಸುವ ಕ್ರಮವನ್ನು ಬಲ್ಲವರಿಂದಲೇ ಅರಿಯಬೇಕು.

13ನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಆಖ್ಯಾತಕ್ಕೆ ಪ್ರತ್ಯೇಕ ಪ್ರಕರಣವನ್ನೇ ಮೀಸಲಿಟ್ಟನು. 1492ರಲ್ಲಿ ಆಂತೋನಿಯೊ ದೆ ನೆಬ್ರಿಹಾ ಸ್ಪೇನಿನ ನುಡಿಗೆ ವ್ಯಾಕರಣವನ್ನು ರಚಿಸಿ ಪ್ರಕಟಿಸಿದನು. ಇಂಥ ಎರಡು ನುಡಿಗಳು ಸಂಧಿಸುವುದಕ್ಕೆ ಮೂರನೆಯದರ ಅಪ್ಪಣೆ ಏಕೆ? ಕನ್ನಡದ ಮೂಲಕ ಸ್ಪ್ಯಾನಿಷ್ ಕಲಿಸುವ ಸರಳ ವ್ಯಾಕರಣಗಳು ಬರಬೇಕು. ಅಲ್ಲಿಯವರೆಗೆ ವಿದ್ಯಾರ್ಥಿಯು ತನ್ನ ನುಡಿಯ ಆಖ್ಯಾತ ಪ್ರಕರಣವನ್ನು ಮತ್ತೊಮ್ಮೆ ತೆರೆದು ನೋಡಲಿ. ಸ್ವಭಾಷೆಯ ವ್ಯಾಕರಣವನ್ನು ಬಲ್ಲವನಿಗೆ ಪರಭಾಷೆ ಅರ್ಧ ಕಲಿತಂತೆಯೇ.