ಔಷಧವೂ ಸತ್ಯಶುದ್ಧ ಕಾಯಕವೂ



ಜ್ವರದಿಂದ ಬಳಲುವ ಮಗುವಿಗೆ ತಾಯಿಯಾದವಳು ಸೀಸೆಯ ಮೇಲಿನ ಚೀಟಿಯನ್ನು ನಂಬಿ ಔಷಧ ಕುಡಿಸುತ್ತಾಳೆ. ಅದರೊಳಗಿರುವುದೇನೆಂದು ಪರೀಕ್ಷಿಸುವ ಸಾಧನ ಆಕೆಯಲ್ಲಿಲ್ಲ. ತನ್ನ ಪರವಾಗಿ ಬಲ್ಲವರು ಪರೀಕ್ಷಿಸಿದ್ದಾರೆಂಬ ವಿಶ್ವಾಸವೇ ಆಕೆಗೆ ಆಸರೆ. ಈ ವಿಶ್ವಾಸಕ್ಕೆ ಕಾನೂನಿನ ಬಲ ಒದಗಿದ ಬಗೆಯನ್ನು ಅಮೆರಿಕ ದೇಶದ ಇತಿಹಾಸದಿಂದ ಈ ಸಂಚಿಕೆಯಲ್ಲಿ ವಿವೇಚಿಸಬಯಸುತ್ತೇವೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಆ ದೇಶದಲ್ಲಿ ಅಫೀಮು, ಮದ್ಯಸಾರ ಬೆರೆತ ಗುಪ್ತೌಷಧಗಳು ಸರ್ವರೋಗ ಪರಿಹಾರಕಗಳೆಂಬ ಹೆಸರಿನಲ್ಲಿ ನಿರಾತಂಕವಾಗಿ ಮಾರಾಟವಾಗುತ್ತಿದ್ದವು. ಕೃಷಿ ಇಲಾಖೆಯ ಮುಖ್ಯ ರಸಾಯನಶಾಸ್ತ್ರಜ್ಞರಾಗಿದ್ದ ಹಾರ್ವೆ ವೈಲಿ ಮೊದಲಾದವರ ದೀರ್ಘ ಪರಿಶ್ರಮದ ಫಲವಾಗಿ 1906ರಲ್ಲಿ ಶುದ್ಧ ಆಹಾರ ಮತ್ತು ಔಷಧ ಕಾಯಿದೆ ಅಂಗೀಕೃತವಾಯಿತು. ಇಂತಹ ವಸ್ತುಗಳು ಬೆರೆತಿದ್ದರೆ ಚೀಟಿಯಲ್ಲಿ ನಮೂದಿಸಬೇಕೆಂದು ಅದು ವಿಧಿಸಿತು. ಆದರೆ ರೋಗ ಗುಣವಾಗುವುದೆಂಬ ಸುಳ್ಳು ಭರವಸೆ ಈ ಕಾಯಿದೆಯ ವ್ಯಾಪ್ತಿಗೆ ಬಾರದೆಂದು 1911ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. 1912ರ ತಿದ್ದುಪಡಿ ಆ ಸುಳ್ಳನ್ನು ನಿಷೇಧಿಸಿತಾದರೂ, ಮಾರುವವನ ಮನದಲ್ಲಿ ವಂಚನೆಯ ಉದ್ದೇಶವಿತ್ತೆಂಬುದನ್ನು ಸರಕಾರವೇ ಸಿದ್ಧಪಡಿಸಬೇಕಾಗಿತ್ತು. ಮನದೊಳಗಿನದನ್ನು ನ್ಯಾಯಾಲಯದಲ್ಲಿ ತೋರಿಸುವುದು ಸುಲಭಸಾಧ್ಯವೇ?

1937ರಲ್ಲಿ ಟೆನೆಸಿ ರಾಜ್ಯದ ಮ್ಯಾಸೆಂಗಿಲ್ ಕಂಪನಿಯು ಸಲ್ಫನಿಲಮೈಡ್ ಎಂಬ ಉಪಯುಕ್ತ ಔಷಧವನ್ನು ದ್ರವರೂಪಕ್ಕೆ ತರಲು ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿತು. ರುಚಿ, ಪರಿಮಳ, ಬಣ್ಣಗಳನ್ನು ಪರೀಕ್ಷಿಸಲಾಯಿತು. ವಿಷವೋ ಅಲ್ಲವೋ ಎಂಬುದನ್ನು ಪರೀಕ್ಷಿಸಲಿಲ್ಲ. ಅದನ್ನು ಸೇವಿಸಿ ನೂರಕ್ಕೂ ಹೆಚ್ಚು ಜನ ಅಸುನೀಗಿದರು. ಅವರಲ್ಲಿ ಮಕ್ಕಳು ಅನೇಕರು. ಟಲ್ಸಾ ನಗರದ ತಾಯಿಯೊಬ್ಬಳು ತನ್ನ ಆರು ವರ್ಷದ ಮಗಳನ್ನು ಕಳೆದುಕೊಂಡ ದುಃಖವನ್ನು ಅಧ್ಯಕ್ಷ ರೂಸ್‌ವೆಲ್ಟರಿಗೆ ಪತ್ರಮುಖೇನ ನಿವೇದಿಸಿಕೊಂಡಳು. ವಿಷವನ್ನು ಮಾರಿದ್ದು ಅಂದಿನ ಕಾನೂನಿನಲ್ಲಿ ಅಪರಾಧವಾಗಿರಲಿಲ್ಲ. ಮದ್ಯಸಾರವಿಲ್ಲದ ದ್ರವವನ್ನು 'ಎಲಿಕ್ಸಿರ್' ಎಂದು ತಪ್ಪಾಗಿ ಹೆಸರಿಸಿದ ದೋಷಕ್ಕಾಗಿ ಮಾತ್ರ ಕಂಪನಿಗೆ ದಂಡ ಬಿದ್ದಿತು. ಜನರ ಕಣ್ತೆರೆದು, ಮಾರಾಟಕ್ಕೆ ಮುನ್ನವೇ ಹೊಸ ಔಷಧದ ಸುರಕ್ಷತೆಯನ್ನು ತೋರಿಸಬೇಕೆಂಬ ಕಾಯಿದೆ 1938ರಲ್ಲಿ ಬಂದಿತು. ಭಾರ ಸರಕಾರದಿಂದ ತಯಾರಕನ ಹೆಗಲಿಗೆ ಹೊರಳಿತು.

ಆ ವಿಷದ್ರವದ ಸಂಶೋಧನೆಯಲ್ಲಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ನೆರವಾಗಿದ್ದ ವಿದ್ಯಾರ್ಥಿನಿ ಫ್ರಾನ್ಸಿಸ್ ಕೆಲ್ಸಿ 1960ರಲ್ಲಿ ಆಹಾರ ಮತ್ತು ಔಷಧ ಆಡಳಿತದ ವೈದ್ಯಾಧಿಕಾರಿಯಾದರು. ಥಾಲಿಡೊಮೈಡ್ ಎಂಬ ನಿದ್ರೌಷಧದ ಅರ್ಜಿ ಅವರ ಮುಂದೆ ಬಂದಿತು. ಆಧಾರಗಳು ಸಾಲವೆಂದು, ಕಂಪನಿಯ ಒತ್ತಡಕ್ಕೆ ಮಣಿಯದೆ, ಆಕೆ ಅನುಮತಿಯನ್ನು ತಡೆಹಿಡಿದರು. ಅದೇ ಔಷಧವನ್ನು ಗರ್ಭಿಣಿಯರು ಸೇವಿಸಿದ ಯುರೋಪ್ ಮೊದಲಾದ ಕಡೆಗಳಲ್ಲಿ ಸಾವಿರಾರು ಶಿಶುಗಳು ಕೈಕಾಲುಗಳ ವಿಕಲತೆಯಿಂದ ಜನಿಸಿದವು. 1962ರ ತಿದ್ದುಪಡಿಯು ಔಷಧ ಸುರಕ್ಷಿತವಾಗಿದ್ದರೆ ಸಾಲದು, ಫಲಕಾರಿಯೆಂದೂ ಸಿದ್ಧವಾಗಬೇಕೆಂದು ವಿಧಿಸಿತು.

ನಮ್ಮ ದೇಶದಲ್ಲಿಯೂ 1940ರಿಂದ ಔಷಧ ಕಾಯಿದೆ ಇದೆ. ಆದರೂ 2025ರಲ್ಲಿ ಮಧ್ಯಪ್ರದೇಶದ ಛಿಂದವಾಡಾದಲ್ಲಿ ಕೆಮ್ಮಿನ ಔಷಧದಲ್ಲಿದ್ದ ಅದೇ ಡೈಎಥಿಲೀನ್ ಗ್ಲೈಕಾಲ್ ಎಳೆಯ ಜೀವಗಳನ್ನು ಬಲಿ ತೆಗೆದುಕೊಂಡಿತು. ಕಾನೂನು ಗ್ರಂಥದಲ್ಲಿದ್ದರೆ ಸಾಲದು. ಪ್ರಯೋಗಶಾಲೆಯಲ್ಲಿ ಕುಳಿತವನ ಅಂತಃಕರಣದಲ್ಲಿಯೂ ಅದು ನೆಲೆಸಬೇಕು. ಬಸವಾದಿ ಶರಣರು ಬೋಧಿಸಿದ ಕಾಯಕತತ್ತ್ವಕ್ಕೆ ಔಷಧ ತಯಾರಿಕೆಯೂ ಹೊರತಲ್ಲ. ಮನಸ್ಸು ಶುದ್ಧವಾಗಿದ್ದಿತೆಂದು ಹೇಳಿಕೊಂಡರೆ ಕಾಯಕ ಶುದ್ಧವಾಗದು, ಕೈಯಿಂದ ಹೊರಟ ವಸ್ತುವೂ ಶುದ್ಧವಾಗಿರಬೇಕು.

ನಮ್ಮ ಸಮಾಜದಲ್ಲಿ ವೈದ್ಯರೂ ಔಷಧ ವ್ಯಾಪಾರಿಗಳೂ ಬಹುಮಂದಿ ಇದ್ದಾರೆ. ಅವರು ಇದನ್ನು ಮನನ ಮಾಡಲಿ. ಗೃಹಿಣಿಯರು ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮಿನ ಔಷಧವನ್ನು ಕೊಡದಿರಲಿ. ದೊಡ್ಡ ಮಕ್ಕಳಿಗೂ ವೈದ್ಯರ ಸಲಹೆಯಿಲ್ಲದೆ ಬೇಡ. ಕೊಂಡ ಔಷಧದ ರಸೀದಿಯನ್ನೂ ಸೀಸೆಯನ್ನೂ ಕಾಯಿಲೆ ಗುಣವಾಗುವವರೆಗೆ ಜೋಪಾನವಾಗಿ ಇರಿಸಿಕೊಳ್ಳಿರಿ. ಸಂಶಯ ಬಂದರೆ ತಯಾರಿಕೆಯ ತಂಡದ ಸಂಖ್ಯೆಯನ್ನು ಗುರುತಿಸಲು ಅವು ನೆರವಾಗುತ್ತವೆ.