ಬಾಗಿಲು ಬೇಡಿದವನಿಗೆ ಕಿಂಡಿ

2025ರ ನವೆಂಬರ್ 28ರಂದು ಉಡುಪಿಯ ಶ್ರೀಕೃಷ್ಣಮಠದಲ್ಲಿ ಕನಕನ ಕಿಂಡಿಗೆ ಸ್ವರ್ಣಕವಚವನ್ನು ಸಮರ್ಪಿಸಿದ ವಾರ್ತೆಯನ್ನು ವಾಚಕರು ಪತ್ರಿಕೆಗಳಲ್ಲಿ ಓದಿಯೇ ಇರುತ್ತಾರೆ. ದೇಶದ ಪ್ರಧಾನಮಂತ್ರಿಗಳ ಸನ್ನಿಧಿಯಲ್ಲಿ ನೆರವೇರಿದ ಆ ಸಮಾರಂಭದ ದಿನಗಳಲ್ಲಿ ನಮ್ಮ ಬಂಕಾಪುರದ ಚಹದಂಗಡಿಗಳಲ್ಲಿಯೂ ಕಾಲೇಜಿನ ಕಟ್ಟೆಯ ಮೇಲೂ ಒಂದೇ ಹಾಡು ಮೊಬೈಲುಗಳಿಂದ ಹೊಮ್ಮುತ್ತಿತ್ತು. ‘ಬಾಗಿಲನು ತೆರೆದು’ ಎಂದು ಮೊದಲಾಗುವ ಕನಕದಾಸರ ಕೀರ್ತನೆ ಅದು. ಹಾಡಿನ ಜೊತೆಗೆ, ವೈ. ಆರ್. ಸ್ವಾಮಿಯವರು ನಿರ್ದೇಶಿಸಿದ 1960ರ ‘ಭಕ್ತ ಕನಕದಾಸ’ ಚಲಚ್ಚಿತ್ರದ ಕಪ್ಪುಬಿಳುಪಿನ ದೃಶ್ಯವೂ ಬರುತ್ತಿತ್ತು. ಅರವತ್ತು ವರ್ಷಗಳಿಗೂ ಮಿಕ್ಕಿ ಕನ್ನಡಿಗರು ಈ ಕೀರ್ತನೆಯನ್ನು ಕೇಳುವುದಕ್ಕಿಂತ ಹೆಚ್ಚಾಗಿ ನೋಡುತ್ತ ಬಂದಿದ್ದಾರೆ ಎಂದರೆ ಅತಿಶಯೋಕ್ತಿಯಾಗಲಾರದು. ಹಾಡು ಕೇಳುವುದೂ ಚಿತ್ರ ತೋರಿಸುವುದೂ ಒಂದೆಯೇ ಎಂಬುದನ್ನು ವಿಚಾರಿಸಬೇಕೆಂದು ನನಗೆ ಬಹಳ ದಿನಗಳಿಂದ ಅನಿಸಿತ್ತು.

ಇದಕ್ಕೆ ಸ್ಥಳಾಭಿಮಾನದ ಕಾರಣವೂ ಉಂಟು. ಬಾಡ ನಮಗೆ ನೆರೆಯ ಗ್ರಾಮ. ಬೀರಪ್ಪ, ಬಚ್ಚಮ್ಮ ದಂಪತಿಗಳ ಮಗ ತಿಮ್ಮಪ್ಪ ಅಲ್ಲಿ ಹುಟ್ಟಿ, ನಾಯಕನಾಗಿ ಬಾಳಿ, ಕತ್ತಿಯನ್ನು ಕೆಳಗಿಟ್ಟು ಕಾಗಿನೆಲೆಯ ಆದಿಕೇಶವನ ದಾಸನಾದನೆಂದು ಪರಂಪರೆ ಹೇಳುತ್ತದೆ. ಈ ಸೀಮೆಯ ಹುಡುಗರಿಗೆ ಕನಕ ಮನೆಯ ಹಿರಿಯನಿದ್ದಂತೆ. ಆದರೆ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಈ ಕೀರ್ತನೆಯ ಸಾರಾಂಶವೆಂದು ಅವರು ಬರೆಯುವುದು ಏನು? ‘ಕನಕನ ಭಕ್ತಿಗೆ ಮೆಚ್ಚಿ ಗೋಡೆ ಬಿರಿಯಿತು, ಕೃಷ್ಣ ತಿರುಗಿ ದರ್ಶನವಿತ್ತ.’ ಕೀರ್ತನೆಯಲ್ಲಿ ಗೋಡೆಯೂ ಇಲ್ಲ, ಕೃಷ್ಣ ತಿರುಗುವುದೂ ಇಲ್ಲ, ಉಡುಪಿಯ ಹೆಸರಂತೂ ಇಲ್ಲವೇ ಇಲ್ಲ. ಅಂಕಿತದಲ್ಲಿ ನಿಂತಿರುವವನು ಕಾಗಿನೆಲೆಯ ಆದಿಕೇಶವ. ಹುಡುಗರು ಬರೆದದ್ದು ಚಿತ್ರದ ಸಾರಾಂಶ.

ಕೀರ್ತನೆಯನ್ನು ಚಿತ್ರದಿಂದ ಬಿಡಿಸಿ ಒಮ್ಮೆ ಓದಿ ನೋಡಬೇಕು. ಪಲ್ಲವಿಯಲ್ಲಿ ದಾಸರು ಕೇಳುವುದು ಎರಡು ವಸ್ತುಗಳನ್ನು: ಬಾಗಿಲು ತೆರೆಯಬೇಕು, ಸೇವೆ ಕೊಡಬೇಕು. ದರ್ಶನ ಎಂಬ ಪದ ಅಲ್ಲಿ ಬರುವುದಿಲ್ಲ. ದರ್ಶನಕ್ಕೂ ಸೇವೆಗೂ ಇರುವ ಅಂತರ ದೇವಾಲಯವನ್ನು ಬಲ್ಲವರಿಗೆಲ್ಲ ತಿಳಿದದ್ದೇ. ದರ್ಶನ ಹೊರಗಿನಿಂದಲೂ ಆದೀತು. ಸೇವೆ ಒಳಗೆ ಹೋದವನಿಗೆ ಮಾತ್ರ ಸಾಧ್ಯ. ದರ್ಶನ ಪಡೆದವನು ಅತಿಥಿಯಂತೆ ಹಿಂದಿರುಗುತ್ತಾನೆ. ಸೇವೆಯುಳ್ಳವನಿಗೆ ಮನೆಯಲ್ಲಿ ಒಂದು ಕೆಲಸ, ಒಂದು ಹಕ್ಕು, ನಾಳೆಯೂ ಬರುವ ದಾರಿ ಇರುತ್ತದೆ. ಅನುಪಲ್ಲವಿಗೆ ಬಂದರೆ ಧ್ವನಿ ಇನ್ನೂ ತೀಕ್ಷ್ಣವಾಗುತ್ತದೆ. ಕೂಗಿದ್ದು ನಿನ್ನ ಕಿವಿಗೆ ಬೀಳಲಿಲ್ಲವೇ ಎಂದು ದೇವರನ್ನೇ ವಿಚಾರಿಸುವ ಧಾಟಿ ಅದು. ವಿಜಯನಗರದ ಕಾಲದಲ್ಲಿ ದಂಡು ನಡೆಸಿದವನ ಬಾಯಿಂದ ಬಂದ ಮಾತೆಂಬುದನ್ನು ನೆನೆದರೆ ಅದರ ಬಿಸಿ ಇನ್ನಷ್ಟು ತಾಗುತ್ತದೆ.

ಆಮೇಲೆ ಚರಣಗಳು. ಹಾಲ್ಗಡಲಲ್ಲಿ ಹಾವಿನ ಹಾಸಿಗೆಯ ಮೇಲೆ ಲಕ್ಷ್ಮಿಯೊಡನಿದ್ದ ಹರಿ ಕೂಗನ್ನು ಕೇಳಿ ಎದ್ದುಬಂದದ್ದು ಯಾರಿಗಾಗಿ? ಮೊಸಳೆಗೆ ಸಿಕ್ಕ ಒಂದು ಆನೆಗಾಗಿ. ಕಂಬವನ್ನೊಡೆದು ಹೊರಟದ್ದು ದೈತ್ಯನ ಮನೆಯ ಮಗುವಿಗಾಗಿ. ವಸ್ತ್ರವನ್ನು ಕೊಟ್ಟದ್ದು ತುಂಬಿದ ಸಭೆಯಲ್ಲಿ ಮಾನಗೆಡುತ್ತಿದ್ದ ದ್ರೌಪದಿಗೆ. ಕೊನೆಗಾಲದಲ್ಲಿ ಪೊರೆದದ್ದು ಆಚಾರಭ್ರಷ್ಟನಾದ ಅಜಾಮಿಳನನ್ನು. ಇವು ದಾಸಸಾಹಿತ್ಯದಲ್ಲಿ ಎಲ್ಲರೂ ಬಳಸುವ ಉದಾಹರಣೆಗಳು, ಪುರಂದರದಾಸರಲ್ಲಿಯೂ ಬೇಕಾದಷ್ಟು ಸಿಗುತ್ತವೆ ಎಂದು ಯಾರಾದರೂ ಹೇಳಬಹುದು. ನಿಜ. ಆದರೆ ಮುಚ್ಚಿದ ಬಾಗಿಲಿನ ಮುಂದೆ ನಿಂತು ಇವೇ ನಾಲ್ವರನ್ನು ಹೆಸರಿಸಿದಾಗ ಆ ಉದಾಹರಣೆಗಳು ಸಾಕ್ಷಿಗಳಾಗುತ್ತವೆ. ಮೃಗ, ಅಸುರಶಿಶು, ಹೆಣ್ಣು, ಪತಿತ: ಇವರಲ್ಲಿ ಯಾರೂ ಅರ್ಹತೆಯ ಪತ್ರ ಹಿಡಿದು ಬಂದವರಲ್ಲ, ಯಾರ ಕುಲವನ್ನೂ ಅಂದು ಕೇಳಲಿಲ್ಲ. ಹಾಗಿರುವಾಗ ನನ್ನನ್ನು ಕೇಳುವುದೇಕೆ ಎಂಬ ವಾದವನ್ನು ಕವಿ ಬಾಯಿಬಿಟ್ಟು ಆಡುವುದಿಲ್ಲ, ಕೇಳುವವನಿಗೇ ಬಿಡುತ್ತಾನೆ. ಕುಲದ ನೆಲೆಯನ್ನೇ ನೇರವಾಗಿ ಪ್ರಶ್ನಿಸುವ ಅವನ ಇನ್ನೊಂದು ಪ್ರಸಿದ್ಧ ಕೀರ್ತನೆಗಿಂತ ಇದರ ಸಮಾಜವಿಮರ್ಶೆ ಕಡಿಮೆಯದೆಂದು ನಾನು ಎಣಿಸಲಾರೆ.

ಇನ್ನು ಚಿತ್ರ. ರಾಜಕುಮಾರರು ಕನಕನಾಗಿ ದೇವಾಲಯದ ಹೊರಗೆ ನಿಂತಿದ್ದಾರೆ, ಪಿ. ಬಿ. ಶ್ರೀನಿವಾಸರ ಕಂಠ, ಎಂ. ವೆಂಕಟರಾಜು ಅವರ ಸಂಗೀತ. ಗೋಡೆ ಬಿರಿಯುತ್ತದೆ, ಮೂರ್ತಿ ಭಕ್ತನತ್ತ ತಿರುಗುತ್ತದೆ. ಕೀರ್ತನೆ ಹೇಳದೆ ಬಿಟ್ಟದ್ದನ್ನು ಈ ದೃಶ್ಯ ಹೇಳಿತು: ಬಾಗಿಲು ಯಾವುದು, ಮುಚ್ಚಿದವರು ಯಾರು, ಹೊರಗೆ ನಿಂತವನ ಕುಲವಾವುದು. ಓದುಬರಹವಿಲ್ಲದ ಸಾವಿರಾರು ಜನರಿಗೆ ಒಂದು ಹಾಡಿನ ಅವಧಿಯಲ್ಲಿ ಅಷ್ಟನ್ನೂ ತಿಳಿಸಿದ ಉಪಕಾರವನ್ನು ಮರೆಯುವುದು ನ್ಯಾಯವಲ್ಲ. ನಮ್ಮಂಥ ಮೇಷ್ಟ್ರುಗಳು ಹತ್ತು ವರ್ಷ ಪಾಠ ಹೇಳಿದರೂ ಅದು ಆಗುವ ಕೆಲಸವಲ್ಲ. ಆದರೆ ಬೇಡಿದವನಿಗೆ ಸಿಕ್ಕಿದ್ದೇನು? ಕಂಬವನ್ನು ಒಡೆದ ನರಹರಿಯ ನೆನಪನ್ನು ಕತೆ ಗೋಡೆಗೆ ತಂದಿತು. ಗೋಡೆ ಒಡೆಯಿತು, ಬಾಗಿಲು ಇದ್ದಂತೆಯೇ ಉಳಿಯಿತು. ಕಣ್ಣಿಗೆ ದರ್ಶನ ದೊರೆಯಿತು, ಕೈಗೆ ಸೇವೆ ದೊರೆಯಲಿಲ್ಲ. ಮುಚ್ಚಿದವರಿಗೆ ತೆರೆಯುವ ಪ್ರಸಂಗವೇ ಒದಗಲಿಲ್ಲ. ದೇವರೇ ಅವರ ಪರವಾಗಿ ತೊಡಕನ್ನು ಬಿಡಿಸಿಕೊಟ್ಟ. ಪ್ರೇಕ್ಷಕನು ಕಣ್ಣೊರೆಸಿಕೊಂಡು ತೃಪ್ತನಾಗಿ ಮನೆಗೆ ಹೋದ. ಶ್ರೀನಿವಾಸರ ಕಂಠದ ಮಾಧುರ್ಯವೂ ಇದಕ್ಕೆ ನೆರವಾಗಿದೆ ಎಂದರೆ ಅವರ ಅಭಿಮಾನಿಗಳು ಮುನಿಯಬಾರದು, ನಾನೂ ಅವರಲ್ಲೊಬ್ಬ. ಕೂಗು ಎಂಬುದು ಆ ಕಂಠದಲ್ಲಿ ಮೊರೆಯಾಗಿದೆ. ಆಕ್ಷೇಪ ಕರಗಿ ಅಳಲಾಗಿದೆ.

ಕಿಂಡಿಯ ಕತೆ ಚರಿತ್ರೆಯೋ ಐತಿಹ್ಯವೋ ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆದಿದೆ. ಅದು ಇಲ್ಲಿನ ವಿಷಯವಲ್ಲ. ಇಂದು ಉಡುಪಿಯಲ್ಲಿ ಬಂದವರೆಲ್ಲರೂ ದೇವರನ್ನು ನೋಡುವುದು ಒಳಗಿನ ನವಗ್ರಹ ಕಿಂಡಿಯ ಮೂಲಕವೇ, ಪೂಜೆ ಅಷ್ಟಮಠಗಳ ಯತಿಗಳಿಗೆ ಎರಡೆರಡು ವರ್ಷಗಳ ಪರ್ಯಾಯದಲ್ಲಿ ಬರುವಂಥದು, ಹೀಗಿರುವಾಗ ಕಿಂಡಿಯಲ್ಲಿ ಭೇದವೆಲ್ಲಿ ಎಂದು ಕೇಳುವವರುಂಟು. ನೋಡುವುದರಲ್ಲಿ ಎಲ್ಲರೂ ಸಮಾನರೆಂಬುದು ಸಣ್ಣ ಸಂಗತಿಯಲ್ಲ. ಆದರೆ ಹಾಡಿನ ಬೇಡಿಕೆ ನೋಟದ್ದಲ್ಲವೆಂಬುದನ್ನು ಮೇಲೆಯೇ ಹೇಳಿದ್ದಾಗಿದೆ.

ಕನಕನಿಗೆ ಸಮಾಜವಿಮರ್ಶೆಯನ್ನು ದೃಶ್ಯವಾಗಿ ಕಟ್ಟಲು ಬಾರದೆ ಇರಲಿಲ್ಲ. ‘ರಾಮಧಾನ್ಯ ಚರಿತೆ’ಯನ್ನು ನೋಡಿ. ನರೆದಲೆಗ ಎಂಬ ರಾಗಿಗೂ ವ್ರೀಹಿ ಎಂಬ ನೆಲ್ಲಿಗೂ ರಾಮನ ಸಭೆಯಲ್ಲಿ ವ್ಯಾಜ್ಯ. ಅಲ್ಲಿ ಆಕಾಶದಿಂದ ಏನೂ ಇಳಿಯುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು, ಯಾವುದು ಕೆಟ್ಟಿತು, ಯಾವುದು ಉಳಿಯಿತು ಎಂದು ನೋಡುತ್ತಾರೆ. ಉಳಿದದ್ದು ಬಡವರ ಹಿಟ್ಟಿನ ಧಾನ್ಯ. ಕಾಳು ಕೂಡಿಡುವ ಒಕ್ಕಲಿಗ ಯಾರೂ ಅಲ್ಲಗಳೆಯಲಾರದ ತೀರ್ಪು ಅದು. ಚಮತ್ಕಾರವಿಲ್ಲದೆ ನ್ಯಾಯ ತೋರಿಸಬಲ್ಲ ಕವಿಯನ್ನು ನಾವು ಚಮತ್ಕಾರದ ಚೌಕಟ್ಟಿನಲ್ಲಿಯೇ ಮಾಲೆ ಹಾಕಿ ತೂಗುಹಾಕಿದ್ದೇವೆ.

ಚಿತ್ರ ತೆರೆಗೆ ಬಂದ ಕಾಲವನ್ನೂ ನೆನೆಯಬೇಕು. 1947ರಲ್ಲಿ ಮದರಾಸು ಪ್ರಾಂತದಲ್ಲಿಯೂ, ನಮ್ಮ ಧಾರವಾಡ ಜಿಲ್ಲೆ ಅಂದು ಸೇರಿದ್ದ ಮುಂಬಯಿ ಪ್ರಾಂತದಲ್ಲಿಯೂ ದೇವಾಲಯ ಪ್ರವೇಶದ ಕಾಯಿದೆಗಳಾದವು. ಉಡುಪಿಯ ದಕ್ಷಿಣ ಕನ್ನಡವಾಗ ಮದರಾಸಿನಲ್ಲಿತ್ತು. ಆ ಜಿಲ್ಲೆಯದೇ ಆದ ಮೂಲ್ಕಿಯ ವೆಂಕಟರಮಣ ದೇವಾಲಯದವರು, ಇದು ಗೌಡ ಸಾರಸ್ವತ ಬ್ರಾಹ್ಮಣರ ದೇವಾಲಯ, ಆ ಕಾಯಿದೆ ತಮಗೆ ಅನ್ವಯಿಸದು ಎಂದು ಹೂಡಿದ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 1957ರ ನವೆಂಬರಿನಲ್ಲಿ ಇತ್ಯರ್ಥವಾಯಿತು. ಸಂವಿಧಾನದ 25ನೆಯ ವಿಧಿಯ ಮೇರೆಗೆ ಎಲ್ಲ ಹಿಂದೂಗಳಿಗೂ ಬಾಗಿಲು ತೆರೆಯಬೇಕೆಂದು ನ್ಯಾಯಾಲಯ ಹೇಳಿತು. ಕೆಲವು ವಿಶೇಷ ಸೇವೆಗಳ ಹೊತ್ತಿನಲ್ಲಿ ಮಾತ್ರ ಆ ಸಮುದಾಯದವರಿಗಷ್ಟೇ ಪ್ರವೇಶವೆಂದು ಉಳಿಸಿಕೊಟ್ಟಿತು. ಕಾನೂನಿನ ದೃಷ್ಟಿಯಿಂದ ಅದು ದೊಡ್ಡ ತೀರ್ಪು, ಇಂದಿಗೂ ಉಲ್ಲೇಖಗೊಳ್ಳುವಂಥದು. ಅದಾದ ಮೂರನೆಯ ವರ್ಷಕ್ಕೆ ಕನ್ನಡದ ಪ್ರೇಕ್ಷಕ ಕತ್ತಲೆಯ ಮಂದಿರದಲ್ಲಿ ಕುಳಿತು ಗೋಡೆ ಬಿರಿಯುವುದನ್ನು ಕಂಡ.

ಈ ವರ್ಷ ತರಗತಿಯಲ್ಲಿ ದೃಶ್ಯವನ್ನು ತೋರಿಸುವ ಮೊದಲು ಕೀರ್ತನೆಯ ಕೊನೆಯ ಚರಣವನ್ನು ಮಾತ್ರ ಕಪ್ಪುಹಲಗೆಯ ಮೇಲೆ ಬರೆದೆ. ಅಲ್ಲಿ ದಾಸರು ಆದಿಕೇಶವನನ್ನು ಕೇಳುವ ಪ್ರಶ್ನೆ ಹೊತ್ತಿನದೇ: ಭಕ್ತವತ್ಸಲನಾದ ನಿನಗೆ ಸಮಯ, ಅಸಮಯ ಎಂಬುದುಂಟೆ ಎಂದು. ಪಕ್ಕದಲ್ಲಿ ಮೂಲ್ಕಿಯ ತೀರ್ಪಿನ ತಾತ್ಪರ್ಯವನ್ನು ಎರಡು ಸಾಲಿನಲ್ಲಿ ಬರೆದೆ. ಸೇವೆಯ ಹೊತ್ತು ಯಾರದು ಎಂಬುದರ ಮೇಲೆ ಗಂಟೆ ಬಾರಿಸುವವರೆಗೆ ವಾದ ನಡೆಯಿತು; ದೃಶ್ಯವನ್ನು ತೋರಿಸಲು ಅಂದು ವೇಳೆಯಾಗಲಿಲ್ಲ.