ಹೇಳಿ ಬಡಿಸಬೇಕಾದ ತಿನಿಸು

ಕನ್ನಡದ ಓದುಗರಿಗೆ ದೌಲತಾಬಾದ್ ಗೊತ್ತಿರುವುದು ಹೆಚ್ಚಾಗಿ ಗಿರೀಶ ಕಾರ್ನಾಡರ ‘ತುಘಲಕ್’ ನಾಟಕದಿಂದ. 1327ರ ಸುಮಾರಿಗೆ ಮಹಮ್ಮದ್ ಬಿನ್ ತುಘಲಕ್ ದೆಹಲಿಯ ಜನರನ್ನು ಹೊರಡಿಸಿಕೊಂಡು ಬಂದ ಊರು ಇದು. ಅದಕ್ಕೂ ಮೊದಲು ಇದರ ಹೆಸರು ದೇವಗಿರಿ. ಇಲ್ಲಿಂದ ಆಳಿದ ಸೇವುಣ ಅರಸರ ಶಾಸನಗಳಲ್ಲಿ ಕನ್ನಡದವೇ ನೂರಾರು ಇವೆ. ಈಗ ಇದು ಛತ್ರಪತಿ ಸಂಭಾಜಿನಗರದಿಂದ ಎಲ್ಲೋರಾಕ್ಕೆ ಹೋಗುವ ದಾರಿಯಲ್ಲಿ, ಊರಿನಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿ ಸಿಗುವ ಒಂದು ಕೋಟೆ ಮತ್ತು ಅದರ ಬುಡದ ಹಳ್ಳಿ. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಶಾಲೆಗೆ ರಜೆ, ಊರಿಂದ ನೆಂಟರು, ತೋಟದ ಮನೆಗಳಲ್ಲಿ ಸಂಜೆಯ ಪಾರ್ಟಿ, ಎಲ್ಲವೂ ಆ ಬಿಸಿಲಿನಲ್ಲೇ ನಡೆಯಬೇಕು.

ಇಂಥ ಪಾರ್ಟಿಗಳಿಗೆ ಈಚೆಗೆ ಬಂದು ಸೇರಿಕೊಂಡಿರುವ ತಿನಿಸು ಜೆಲ್ಲಿ ಶಾಟ್. ಹಣ್ಣಿನ ರುಚಿಯ ಜೆಲ್ಲಿಗೆ ವೋಡ್ಕಾ ಅಥವಾ ರಮ್ ಬೆರೆಸಿ, ಔಷಧಿ ಅಳೆಯುವಂಥ ಪುಟ್ಟ ಪ್ಲಾಸ್ಟಿಕ್ ಕಪ್ಪುಗಳಲ್ಲಿ ಹೊಯ್ದು, ಫ್ರಿಜ್ಜಿನಲ್ಲಿ ಗಟ್ಟಿ ಮಾಡಿ ಕೊಡುತ್ತಾರೆ. ಕೆಂಪು, ಹಸಿರು, ಕಿತ್ತಳೆ ಬಣ್ಣದ ಸಾಲು ನೋಡಲು ಚಂದ. ಮಾಡುವುದು ಸುಲಭ, ಖರ್ಚು ಕಡಿಮೆ, ಲೋಟ ತೊಳೆಯುವ ಕೆಲಸವೂ ಇಲ್ಲ. ಇದರಲ್ಲಿರುವ ಒಂದೇ ತೊಡಕೆಂದರೆ, ತಿನ್ನುವವರಿಗೆ ಏನು ತಿನ್ನುತ್ತಿದ್ದೇವೆ ಎಂದು ಗೊತ್ತಾಗುವುದಿಲ್ಲ. ಜೆಲ್ಲಿಯನ್ನು ಗಟ್ಟಿ ಮಾಡಿದ್ದು ಯಾವುದು, ಅದರೊಳಗೆ ಬೆರೆಸಿದ್ದು ಯಾವುದು, ಈ ಎರಡೂ ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೂ ಸರಿಯಾಗಿ ತಿಳಿಯುವುದಿಲ್ಲ. ಹಾಗಿರುವಾಗ ಹೇಳುವ ಹೊಣೆ ಪೂರ್ತಿಯಾಗಿ ಮನೆಯವರದ್ದು. ಆ ಹೊಣೆ ಹೊರಲು ಆಗದಿದ್ದರೆ ಮದ್ಯವನ್ನು ಗ್ಲಾಸಿನಲ್ಲೇ ಬಿಟ್ಟು ಜೆಲ್ಲಿಯನ್ನು ಹಣ್ಣಿಗೇ ಮೀಸಲಿಡುವುದು ಲೇಸು.

ಮೊದಲು ಗಟ್ಟಿ ಮಾಡುವ ವಸ್ತುವಿನ ಮಾತು. ಜೆಲಟಿನ್ ಎಂಬುದು ಪ್ರಾಣಿಗಳ ಮೂಳೆ, ಚರ್ಮಗಳಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನನ್ನು ಬೇಯಿಸಿ ತೆಗೆದದ್ದು. ಭಾರತದಲ್ಲಿ ಅದನ್ನು ಮುಖ್ಯವಾಗಿ ದನ, ಎಮ್ಮೆಗಳ ಮೂಳೆಯಿಂದ ಮಾಡುತ್ತಾರೆ. ಹೊರದೇಶಗಳಲ್ಲಿ ಹಂದಿಯ ಚರ್ಮದಿಂದಲೂ ಮಾಡುತ್ತಾರೆ. ಸಂಭಾಜಿನಗರದಂಥ ಊರಿನ ಒಂದು ಪಾರ್ಟಿಯನ್ನು ಕಣ್ಣಮುಂದೆ ತಂದುಕೊಂಡರೆ ಸಾಕು: ಪಕ್ಕದ ಮನೆಯ ಮುಸ್ಲಿಂ ಕುಟುಂಬ, ಎದುರು ಮನೆಯ ಜೈನರು, 1956ರವರೆಗೆ ಬೀದರ್, ಕಲಬುರಗಿಗಳ ಜೊತೆ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದ ಮರಾಠವಾಡದ ಲಿಂಗಾಯತ ನೆಂಟರು, ವಾಳೂಜಿನ ಕಾರ್ಖಾನೆಗಳಿಗೆ ಕೆಲಸಕ್ಕೆ ಬಂದ ಹತ್ತೂರಿನ ಜನ. ಇವರಲ್ಲಿ ಯಾರಿಗೆ ಜೆಲಟಿನ್ ಸಲ್ಲುತ್ತದೆ, ಯಾರಿಗೆ ಸಲ್ಲುವುದಿಲ್ಲ ಎಂದು ಮನೆಯವರು ಊಹಿಸಲಾಗದು. ಕೋಳಿ ತುಂಡನ್ನು ಸಸ್ಯಾಹಾರಿಯ ತಟ್ಟೆಗೆ ಯಾರೂ ತಿಳಿಯದೆ ಹಾಕುವುದಿಲ್ಲ. ಸ್ಟ್ರಾಬೆರಿ ಬಣ್ಣದ ಜೆಲ್ಲಿಯನ್ನು ಮಾತ್ರ ತಿಳಿಯದೆಯೇ ಹಾಕಿಬಿಡುತ್ತಾರೆ.

ಅಂಗಡಿಯ ಪೊಟ್ಟಣದ ಮೇಲೆ ಈ ತೊಂದರೆಗೆ ಒಂದು ಪರಿಹಾರವಿದೆ. ಎರಡು ದಶಕಗಳಿಂದ ಭಾರತದಲ್ಲಿ ಪೊಟ್ಟಣ ಕಟ್ಟಿದ ಸಸ್ಯಾಹಾರಕ್ಕೆ ಹಸಿರು ಚುಕ್ಕಿ, ಮಾಂಸಾಹಾರಕ್ಕೆ ಕಂದು ಗುರುತು ಕಡ್ಡಾಯ. 2020ರ ನಿಯಮಗಳು ಕಂದು ಚುಕ್ಕಿಯನ್ನು ತ್ರಿಕೋನವಾಗಿ ಬದಲಿಸಿದವು, ಬಣ್ಣ ಗುರುತಿಸಲಾಗದವರಿಗೂ ವ್ಯತ್ಯಾಸ ತಿಳಿಯುತ್ತದೆ. ಹಸಿರು ಚುಕ್ಕಿಯ ಜೆಲ್ಲಿ ಪುಡಿಗಳು ಬೇಕಾದಷ್ಟಿವೆ. ಅವುಗಳಲ್ಲಿ ಸಾಮಾನ್ಯವಾಗಿ ಕ್ಯಾರಗೀನನ್‌ನಂಥ ಕಡಲಪಾಚಿಯ ಅಂಟು ಇರುತ್ತದೆ. ಆದರೆ ಪುಡಿಯನ್ನು ಬಿಸಿನೀರಿಗೆ ಸುರಿದ ಮೇಲೆ ಚುಕ್ಕಿ ಕಸದ ಬುಟ್ಟಿ ಸೇರುತ್ತದೆ. ಟ್ರೇ ಹಿಡಿದು ಬರುವ ಹೊತ್ತಿಗೆ ಎಲ್ಲ ಜೆಲ್ಲಿಯೂ ಒಂದೇ ಥರ ಹೊಳೆಯುತ್ತಿರುತ್ತದೆ.

ನಂಬಿಕೆಯ ವಿಚಾರವನ್ನು ಬದಿಗಿಟ್ಟರೂ ದೌಲತಾಬಾದಿನ ಬೇಸಿಗೆಗೆ ಜೆಲಟಿನ್ ಹೊಂದುವುದಿಲ್ಲ. ಅದು ಸುಮಾರು 30ರಿಂದ 35 ಡಿಗ್ರಿಯಲ್ಲೇ ಕರಗುತ್ತದೆ. ಬಾಯಲ್ಲಿಟ್ಟ ಕೂಡಲೇ ಕರಗುವ ಅದರ ಹಿತಕ್ಕೆ ಕಾರಣವೂ ಅದೇ. ತಣ್ಣನೆಯ ದೇಶದಲ್ಲಿ ಇದು ಗುಣ. ಮೇ ತಿಂಗಳ ಮರಾಠವಾಡದಲ್ಲಿ ಫ್ರಿಜ್ಜಿನಿಂದ ತೆಗೆದ ಟ್ರೇ ಮಾವಿನ ಮರದ ಕೆಳಗೆ ಹೋಗಿ ಸ್ವಲ್ಪ ಹೊತ್ತಾಗುವಷ್ಟರಲ್ಲಿ ಶರಬತ್ತಾಗುತ್ತದೆ. ಇನ್ನೊಂದು ತೊಂದರೆ ಹಣ್ಣುಗಳದ್ದು. ಹಸಿ ಅನಾನಸು, ಪರಂಗಿ, ಕಿವಿ, ಅಂಜೂರ ಇವುಗಳಲ್ಲಿ ಪ್ರೋಟೀನನ್ನು ಒಡೆಯುವ ಕಿಣ್ವಗಳಿವೆ. ಜೆಲಟಿನ್ ಪ್ರೋಟೀನ್ ಆದ್ದರಿಂದ ಈ ಹಣ್ಣು ಬಿದ್ದ ಜೆಲ್ಲಿ ರಾತ್ರಿಯಿಡೀ ಫ್ರಿಜ್ಜಿನಲ್ಲಿದ್ದರೂ ಗಟ್ಟಿಯಾಗುವುದಿಲ್ಲ. ಬೇಯಿಸಿದರೆ ಕಿಣ್ವ ಸಾಯುತ್ತದೆ, ಜೊತೆಗೆ ಹಣ್ಣಿನ ತಾಜಾತನವೂ ಹೋಗುತ್ತದೆ.

ಬೇಸಿಗೆಯಲ್ಲಿ ಕರಗುವ ಜೆಲಟಿನ್‌ನ ಸಮಸ್ಯೆ ಹಿಂದೊಮ್ಮೆ ವಿಜ್ಞಾನಕ್ಕೂ ಅಡ್ಡ ಬಂದಿತ್ತು, ಉತ್ತರ ಸಿಕ್ಕಿದ್ದು ಅಡುಗೆಮನೆಯಿಂದ. 1881ರ ಸುಮಾರಿಗೆ ಜರ್ಮನಿಯಲ್ಲಿ ರಾಬರ್ಟ್ ಕಾಖ್ ಅವರ ಪ್ರಯೋಗಾಲಯದಲ್ಲಿ ವಾಲ್ಟರ್ ಹೆಸ್ಸೆ ಸೂಕ್ಷ್ಮಾಣುಗಳನ್ನು ಬೆಳೆಸಲು ಜೆಲಟಿನ್ ಬಳಸುತ್ತಿದ್ದರು. ಸೆಖೆಗೆ ಅದು ಕರಗುತ್ತಿತ್ತು, ಕೆಲವು ಸೂಕ್ಷ್ಮಾಣುಗಳು ಅದನ್ನೇ ತಿಂದು ನೀರು ಮಾಡುತ್ತಿದ್ದವು. ಹೆಂಡತಿ ಫ್ಯಾನಿ ಹೆಸ್ಸೆ ತಾವು ಮನೆಯಲ್ಲಿ ಜೆಲ್ಲಿ ಮಾಡಲು ಬಳಸುತ್ತಿದ್ದ ಅಗರ್ ಹಾಕಿ ನೋಡಿ ಎಂದರು. ಅವರಿಗೆ ಅದನ್ನು ಹೇಳಿಕೊಟ್ಟವರು ಜಾವಾದಲ್ಲಿ ಇದ್ದು ಬಂದಿದ್ದ ನೆರೆಮನೆಯವರು. ಮರುವರ್ಷ ಕ್ಷಯದ ಸೂಕ್ಷ್ಮಾಣುವಿನ ಬಗ್ಗೆ ಬರೆದ ಪ್ರಬಂಧದಲ್ಲಿ ಕಾಖ್ ಅಗರ್ ಅನ್ನು ಪ್ರಸ್ತಾಪಿಸಿದರು, ಫ್ಯಾನಿಯ ಹೆಸರನ್ನು ಹೇಳಲಿಲ್ಲ. ಇಂದಿಗೂ ಆಸ್ಪತ್ರೆಯ ಲ್ಯಾಬುಗಳಲ್ಲಿ ಸೂಕ್ಷ್ಮಾಣು ಬೆಳೆಸುವುದು ಅಗರ್ ಮೇಲೆಯೇ.

ಅಗರ್ ಎಂದರೆ ಕಿರಾಣಿ ಅಂಗಡಿಯಲ್ಲಿ ಚೈನಾ ಗ್ರಾಸ್ ಎಂದು ಸಿಗುವ ಬಿಳಿ ಎಳೆಗಳು. ಕಡಲಪಾಚಿಯಿಂದ ತೆಗೆದದ್ದು. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ, ರಾಮೇಶ್ವರ, ಮಂಡಪಂ ಸುತ್ತಿನ ಮೀನುಗಾರ ಹೆಂಗಸರು ಸಮುದ್ರದಲ್ಲಿ ಮುಳುಗಿ ಕಿತ್ತು ತರುವ ಪಾಚಿಯಿಂದಲೂ ಇದು ತಯಾರಾಗುತ್ತದೆ. ಇದು ಗಟ್ಟಿಯಾಗಲು ಫ್ರಿಜ್ ಬೇಡ, 35 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ಒಮ್ಮೆ ಗಟ್ಟಿಯಾದರೆ ಮತ್ತೆ ಕರಗಬೇಕಾದರೆ ಸುಮಾರು 85 ಡಿಗ್ರಿ ಬೇಕು. ದೌಲತಾಬಾದಿನ ಬಿಸಿಲಿಗೆ ಇದು ಜಗ್ಗುವುದಿಲ್ಲ. ಪ್ರೋಟೀನ್ ಅಲ್ಲದ್ದರಿಂದ ಅನಾನಸು, ಪರಂಗಿಗೂ ಹೆದರುವುದಿಲ್ಲ. ಜೆಲಟಿನ್‌ನಷ್ಟು ನುಣುಪಾಗಿ ಬಾಯಲ್ಲಿ ಕರಗುವುದಿಲ್ಲ ಎಂಬುದು ನಿಜ. ಹಲ್ಲಿಗೆ ಸ್ವಲ್ಪ ಕಚಕ್ಕೆನ್ನುತ್ತದೆ. ಫಲೂದಾ, ಚೈನಾ ಗ್ರಾಸ್ ಹಲ್ವ ತಿಂದವರಿಗೆ ಅದು ಹೊಸದೇನಲ್ಲ.

ಹೀಗೆ ಗಟ್ಟಿ ಮಾಡುವ ವಸ್ತುವಿನ ಪ್ರಶ್ನೆಗೆ ಸುಲಭದ ಉತ್ತರವಿದೆ. ಮದ್ಯದ ಪ್ರಶ್ನೆ ಅಷ್ಟು ಸುಲಭವಲ್ಲ. ಕಡಲಪಾಚಿಯಿಂದ ಮಾಡಿದ ವೋಡ್ಕಾ ಜೆಲ್ಲಿ ಸಸ್ಯಾಹಾರವೇ ಆಗಿರುತ್ತದೆ, ಹಸಿರು ಚುಕ್ಕಿ ಅದರ ಬಗ್ಗೆ ಏನೂ ಹೇಳುವುದಿಲ್ಲ.

ಲೆಕ್ಕ ಹಾಕಿ ನೋಡಬಹುದು. ರೂಢಿಯ ವಿಧಾನದಲ್ಲಿ ಒಂದು ಪೊಟ್ಟಣ ಪುಡಿಗೆ 240 ಮಿಲಿಲೀಟರ್ ಕುದಿನೀರು, 120 ಮಿಲಿ ತಣ್ಣೀರು, 120 ಮಿಲಿ ವೋಡ್ಕಾ. ಒಟ್ಟು 480 ಮಿಲಿ, ಅಂದರೆ 30 ಮಿಲಿಯ 16 ಕಪ್ಪು. ಒಂದು ಕಪ್ಪಿನಲ್ಲಿ ಏಳೂವರೆ ಮಿಲಿ ವೋಡ್ಕಾ, ನಾಲ್ಕು ಕಪ್ಪಿಗೆ ಒಂದು ಸಣ್ಣ ಪೆಗ್. ಭಾರತದ ವೋಡ್ಕಾದಲ್ಲಿ ಮದ್ಯಸಾರ ಸಾಮಾನ್ಯವಾಗಿ ಶೇ. 42.8, ಜೆಲ್ಲಿಯಲ್ಲಿ ಅದು ಶೇ. 10.7ಕ್ಕೆ ಇಳಿಯುತ್ತದೆ. ಬಿಯರಿಗಿಂತ ಹೆಚ್ಚು, ವೈನಿಗಿಂತ ತುಸು ಕಡಿಮೆ. ಜೆಲ್ಲಿ ಆರಿದ ಮೇಲೆ ವೋಡ್ಕಾ ಹಾಕುವುದರಿಂದ ಅದು ಆವಿಯಾಗಿ ಹೋಗುವ ಮಾತೂ ಇಲ್ಲ. ಪೆಗ್ ಕುಡಿಯುವವರು ಗಂಟಲು ಉರಿದಾಗ ತಡೆದು ಕುಡಿಯುತ್ತಾರೆ. ಸಕ್ಕರೆ ಮತ್ತು ತಂಪು ಆ ಉರಿಯನ್ನು ಮುಚ್ಚಿದಾಗ ತಡೆಯುವುದು ಯಾವುದೂ ಇಲ್ಲ. ಇದು ಹೊಸ ಮಾತೂ ಅಲ್ಲ. ಅಮೆರಿಕದ ಜೆರ್ರಿ ಥಾಮಸ್ 1862ರಲ್ಲಿ ಪ್ರಕಟಿಸಿದ ಪಾನೀಯಗಳ ಪುಸ್ತಕದಲ್ಲಿ ಪಂಚ್ ಜೆಲ್ಲಿ ಮಾಡುವ ವಿಧಾನ ಕೊಟ್ಟು, ಜೆಲಟಿನ್ ಪಂಚಿನ ಕಸುವನ್ನು ಅಡಗಿಸಿಬಿಡುತ್ತದೆ, ಮಿತಿಯಲ್ಲಿ ತಿನ್ನಬೇಕು ಎಂದು ಆಗಲೇ ಎಚ್ಚರಿಸಿದ್ದರು.

ದೊಡ್ಡವರು ಇಷ್ಟಪಟ್ಟು ತಿಂದರೆ ಯಾರಿಗೇನು ನಷ್ಟ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪಕ್ಕದ ನಾಶಿಕ ಭಾರತದ ವೈನಿನ ಊರೆಂದೇ ಹೆಸರಾಗಿದೆ, ‘ನಾಶಿಕ್ ವ್ಯಾಲಿ ವೈನ್’ಗೆ ಭೌಗೋಳಿಕ ಸೂಚಕವೂ ಸಿಕ್ಕಿದೆ. ಅಲ್ಲಿನ ದ್ರಾಕ್ಷಿತೋಟಗಳಿಗೆ ಕುಟುಂಬ ಸಮೇತ ಹೋಗಿ ವೈನ್ ಸವಿದು ಬರುವುದು ಈಗ ಸಾಮಾನ್ಯ ಸಂಗತಿ. ಅದರಲ್ಲಿ ಮುಚ್ಚುಮರೆ ಇಲ್ಲ. ವೈನ್ ಗ್ಲಾಸಿನಲ್ಲಿರುತ್ತದೆ, ಗ್ಲಾಸು ದೊಡ್ಡವರ ಕೈಯಲ್ಲಿರುತ್ತದೆ, ಬೇಡದವರು ಕೈ ಚಾಚುವುದಿಲ್ಲ. ಜೆಲ್ಲಿಯ ಕಪ್ಪು ಹಾಗಲ್ಲ. ಮಕ್ಕಳ ಹುಟ್ಟುಹಬ್ಬದಲ್ಲಿ ಸಿಗುವ ಜೆಲ್ಲಿಯ ರೂಪವೇ ಅದಕ್ಕೂ ಇದೆ. ಆರು ವರ್ಷದ ಮಗು ಟ್ರೇ ಕಂಡರೆ ಒಂದಕ್ಕೆ ನಿಲ್ಲಿಸುವುದಿಲ್ಲ. ಚಿಕ್ಕ ಮಕ್ಕಳಲ್ಲಿ ಮದ್ಯ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು. ನಿದ್ದೆ ಬಂತೆಂದು ಮಲಗಿಸಿದ ಮಗುವಿಗೆ ಆಗಿರುವುದು ನಿದ್ದೆಯಲ್ಲದೆಯೂ ಇರಬಹುದು.

ಮಕ್ಕಳಷ್ಟೇ ಅಲ್ಲ. ಬಸುರಿ ಎಂದು ಇನ್ನೂ ಯಾರಿಗೂ ಹೇಳದ ಸೊಸೆ, ಮದ್ಯದ ಜೊತೆ ಸೇರಬಾರದ ಮಾತ್ರೆ ನುಂಗುತ್ತಿರುವ ಮಾವ, ಕುಡಿತ ಬಿಟ್ಟು ಎರಡು ವರ್ಷವಾದ ಗೆಳೆಯ, ರಾತ್ರಿ ಎಲ್ಲರನ್ನೂ ಕಾರಿನಲ್ಲಿ ಊರಿಗೆ ಕರೆದೊಯ್ಯಬೇಕಾದ ತಮ್ಮ, ಧರ್ಮದ ಕಾರಣಕ್ಕೆ ಮುಟ್ಟದ ನೆರೆಯವರು. ಇವರೆಲ್ಲ ಗ್ಲಾಸನ್ನು ಸದ್ದಿಲ್ಲದೆ ನಿರಾಕರಿಸಬಲ್ಲರು. ಜೆಲ್ಲಿಯನ್ನು ನಿರಾಕರಿಸಬೇಕೆಂದು ಇವರಿಗೆ ಹೊಳೆಯುವುದಿಲ್ಲ. ಕೇಳಿ ತಿಳಿಯಬೇಕಾದರೆ ಕಾರಣವನ್ನು ಎಲ್ಲರೆದುರು ಹೇಳಬೇಕಾಗುತ್ತದೆ. ಅತಿಥಿಯನ್ನು ಆ ಸ್ಥಿತಿಗೆ ತರುವುದು ಸತ್ಕಾರ ಎನಿಸದು.

ಕಾನೂನು ಕೂಡ ಇಲ್ಲಿ ಸುಮ್ಮನಿಲ್ಲ. ಮಹಾರಾಷ್ಟ್ರದಲ್ಲಿ ಬಿಯರ್, ವೈನಿಗೆ 21 ವರ್ಷ, ವೋಡ್ಕಾ, ರಮ್ಮಿನಂಥ ಮದ್ಯಕ್ಕೆ 25 ವರ್ಷ ತುಂಬಿರಬೇಕು. ಹಾಗಾಗಿ ನಾಶಿಕದ ವೈನ್ ಕುಡಿಯಬಹುದಾದ 22ರ ಎಂಜಿನಿಯರಿಂಗ್ ವಿದ್ಯಾರ್ಥಿಗೆ ವೋಡ್ಕಾ ಜೆಲ್ಲಿ ಸಲ್ಲದು. ಮಕ್ಕಳಿಗೆ ಮದ್ಯ ಕೊಡುವುದು 2015ರ ಬಾಲನ್ಯಾಯ ಕಾಯಿದೆಯ 77ನೇ ಕಲಮಿನಡಿ ಏಳು ವರ್ಷದವರೆಗೆ ಕಠಿಣ ಸಜೆಯ ಅಪರಾಧ. ಬಾಟಲಿಯ ಮೇಲೆ ಎಚ್ಚರಿಕೆಯ ಸಾಲು ಅಚ್ಚಾಗಿರುತ್ತದೆ. ಜೆಲ್ಲಿಗೆ ಸುರಿದ ಮೇಲೆ ಬಾಟಲಿ ಅಡುಗೆಮನೆಯಲ್ಲೇ ಉಳಿಯುತ್ತದೆ, ಎಚ್ಚರಿಕೆಯೂ ಅದರ ಜೊತೆಗೇ ಉಳಿಯುತ್ತದೆ.

ಅಷ್ಟಾಗಿಯೂ ಮಾಡಲೇಬೇಕೆನ್ನುವವರು ಕೆಲವು ಪಥ್ಯ ಪಾಲಿಸಬಹುದು. ಮಕ್ಕಳು ಬರುವ ಪಾರ್ಟಿಯಲ್ಲಿ ಅದನ್ನು ಮಾಡಲೇಬಾರದು. ದೊಡ್ಡವರದ್ದೇ ಪಾರ್ಟಿಯಾದರೆ ಟ್ರೇ ಬೇರೆ ಇರಲಿ, ಕಪ್ಪಿನ ಬಣ್ಣ ಬೇರೆ ಇರಲಿ, ಏನು ಹಾಕಿದೆ ಎಂದು ಕನ್ನಡವೋ ಮರಾಠಿಯೋ ಓದಬಲ್ಲ ಭಾಷೆಯಲ್ಲಿ ಬರೆದ ಚೀಟಿ ಇರಲಿ. ಕೈಗೆ ಕೊಡುವವರು ಬಾಯಿಬಿಟ್ಟೂ ಹೇಳಲಿ.

ಇದಕ್ಕಿಂತ ರುಚಿಯಾದ ದಾರಿಯೂ ಇದೆ. ದೌಲತಾಬಾದಿನ ಸೀತಾಫಲ ಬೇಕಾದರೆ ಮಳೆಗಾಲ ಮುಗಿಯುವವರೆಗೆ ಕಾಯಬೇಕು. ಆದರೆ ಮೇ ತಿಂಗಳಿಗೆ ಮರಾಠವಾಡದ ಕೇಸರ್ ಮಾವು ಇರುತ್ತದೆ, ಕಲ್ಲಂಗಡಿ ಇರುತ್ತದೆ, ಕೋಕಂ ಇರುತ್ತದೆ. ಹತ್ತು ಗ್ರಾಂ ಚೈನಾ ಗ್ರಾಸನ್ನು ಕತ್ತರಿಸಿ 400 ಮಿಲಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಎಳೆ ಒಂದೂ ಉಳಿಯದಂತೆ ಸಣ್ಣ ಉರಿಯಲ್ಲಿ ಕುದಿಸಿ ಕರಗಿಸಬೇಕು. ಸಕ್ಕರೆ ಹಾಕಿ ಇಳಿಸಿ, ಅಷ್ಟೇ ಪ್ರಮಾಣದ ಹಣ್ಣಿನ ರಸ ಬೆರೆಸಬೇಕು. ರಸ ಫ್ರಿಜ್ಜಿನಿಂದ ತೆಗೆದದ್ದಾಗಿರಬಾರದು, ತಣ್ಣನೆಯ ರಸ ತಾಗಿದರೆ ಅಗರ್ ಅಲ್ಲಲ್ಲೇ ಗಂಟು ಕಟ್ಟುತ್ತದೆ. ನಿಂಬೆ ಹಿಂಡುವುದಾದರೆ ಒಲೆಯಿಂದ ಇಳಿಸಿದ ಮೇಲೆಯೇ ಹಿಂಡಬೇಕು, ಹುಳಿಯ ಜೊತೆ ಕುದಿಸಿದರೆ ಅಗರ್ ಬಲ ಕಳೆದುಕೊಳ್ಳುತ್ತದೆ. ಚಿಟಿಕೆ ಉಪ್ಪು, ಹುರಿದ ಜೀರಿಗೆ ಪುಡಿ ಹಾಕಿದ ಕೋಕಂ ಜೆಲ್ಲಿಯನ್ನು ತಿಂದವರು ಬಣ್ಣದ ಪುಡಿಯ ಜೆಲ್ಲಿ ಕೇಳುವುದಿಲ್ಲ. ಕುಡಿಯುವವರಿಗೆ ವೈನ್ ಬೇರೆ ಮೇಜಿನ ಮೇಲೆ, ಗ್ಲಾಸಿನಲ್ಲಿ, ಎಲ್ಲರಿಗೂ ಕಾಣುವಂತೆ ಇರಲಿ.

ಕಾರ್ನಾಡರ ತುಘಲಕ್ ದಡ್ಡನಲ್ಲ. ಜನರಿಗೆ ಒಳ್ಳೆಯದನ್ನೇ ಮಾಡುತ್ತಿದ್ದೇನೆಂದು ಅವನು ನಂಬಿದ್ದ, ಜನರ ಒಪ್ಪಿಗೆಗೆ ಮಾತ್ರ ಕಾಯಲಿಲ್ಲ. ಪಾರ್ಟಿ ಕೊಡುವವರ ಮನಸ್ಸೂ ಒಳ್ಳೆಯದೇ ಇರುತ್ತದೆ. ಅದರ ಜೊತೆಗೆ ‘ಇದರಲ್ಲಿ ಇಂಥದ್ದಿದೆ, ನಿಮಗೆ ಆಗುತ್ತದೆಯೇ?’ ಎಂಬ ಒಂದು ಮಾತು ಸೇರಿದರೆ ಸಾಕು. ಆಗುವವರು ತಿನ್ನುತ್ತಾರೆ, ಆಗದವರು ಕಾರಣ ಹೇಳದೆ ಕೋಕಂ ಜೆಲ್ಲಿಯ ಟ್ರೇ ಕಡೆ ಹೋಗುತ್ತಾರೆ.